ಏಳನೆಯ ಭಾಗ ಅಚ್ಚಿನಲ್ಲಿದೆ

ತನ್ನ ಬಾಚಣಿಗೆಯಲ್ಲಿ ಬೇರೊಬ್ಬರ ಕೂದಲು ಸಿಕ್ಕಿಕೊಂಡಿದ್ದನ್ನು ಕಂಡರೆ ಹೇಗಾಗುತ್ತದೋ, ನಂದಿನಿಯ ಕೈಯಲ್ಲಿ ಆ ಪುಸ್ತಕ ಕಂಡಾಗ ಪರಿಮಳಾಗೆ ಹಾಗಾಯಿತು.

ಶಹಾಪುರದ ಕಚೇರಿಗಳ ಬೀದಿಯಲ್ಲಿ ಮುಷರಫನ ಜೆರಾಕ್ಸ್ ಅಂಗಡಿ. ಬಿ.ಎ. ಮುಗಿಸಿ ಮೂರು ವರ್ಷವಾದ ಪರಿಮಳಾ ಅಲ್ಲಿ ಕೆಲಸಕ್ಕಿದ್ದಳು. ಹಗಲೆಲ್ಲ ಪಹಣಿ, ಆಧಾರ್ ಕಾರ್ಡು, ಜಾತಿ ಪ್ರಮಾಣಪತ್ರಗಳ ನಕಲು ತೆಗೆಯುವುದು, ಅರ್ಜಿ ಟೈಪು ಮಾಡುವುದು. ಸಂಜೆ ಮನೆಗೆ ಹೋಗಿ ಡೈರಿ ಬರೆಯುವುದು. ಮಾತು ಎಷ್ಟು ಕಡಿಮೆಯೆಂದರೆ, ಹೊಸ ಗಿರಾಕಿಗಳು ಅವಳಿಗೆ ಕಿವಿ ಕೇಳಿಸುವುದಿಲ್ಲವೆಂದು ತಿಳಿದು ಕೈಸನ್ನೆ ಮಾಡುತ್ತಿದ್ದರು.

ಆ ದಿನ ನಂದಿನಿ ಸ್ಕೂಟಿ ನಿಲ್ಲಿಸಿ ಬಂದವಳೇ ಕೌಂಟರಿನ ಮೇಲೆ ಪುಸ್ತಕ ಇಟ್ಟಳು. ಇಬ್ಬರೂ ಡಿಗ್ರಿಯಲ್ಲಿ ಒಂದೇ ಬೆಂಚಿನವರು. ನಂದಿನಿ ಈಗ ಊರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ.

“ಪರಿಮಳಾ, ಇದರ ಮೊದಲ್ನೇ ಅಧ್ಯಾಯ ಇಪ್ಪತ್ತು ಪ್ರತಿ ತೆಗಿ. ಐತಾರ ವಾಚನಾಲಯದ ಪಡಸಾಲ್ಯಾಗ ಓದಸಾಕತ್ತೀನಿ. ನೀನೂ ಬಾ. ಎಂಥಾ ಪುಸ್ತಕ ಅಂತಿ, ನಮ್ಮ ಸೀಮ್ಯಾಗ ಇಂಥಾದೊಂದು ಇತ್ತು ಅಂತ ಯಾರಿಗೂ ಗೊತ್ತಿಲ್ಲ.”

ರಟ್ಟಿನ ಮೇಲೆ ಬೂದಿ ಬಣ್ಣದ ಕುದುರೆ, ಅದರ ಮೇಲೆ ಕವಣೆ ಬೀಸುತ್ತಿರುವ ಹುಡುಗಿ, ಹಿಂದೆ ಕರಿಬಂಡೆಗಳ ಕೋಟೆ. ಮೇಲೆ ಕೆಂಪು ಅಕ್ಷರದಲ್ಲಿ ‘ಕಲ್ಲುನಾಡಿನ ಬರಮಿ, ಭಾಗ ಒಂದು.’

ಯಾರಿಗೂ ಗೊತ್ತಿಲ್ಲ. ಪರಿಮಳಾ ಆ ಮಾತನ್ನು ನುಂಗಿಕೊಂಡು ಯಂತ್ರದ ಮುಚ್ಚಳ ಎತ್ತಿದಳು. ತನ್ನ ಬರಮಿಯನ್ನು ಗಾಜಿನ ಮೇಲೆ ಬೋರಲು ಹಾಕಿ, ತನ್ನ ಕೈಯಾರೆ ಇಪ್ಪತ್ತು ಜನಕ್ಕೆ ಹಂಚಲು ನಕಲು ತೆಗೆದಳು. ಹಸಿರು ಬೆಳಕು ಅತ್ತಿಂದಿತ್ತ ಹರಿದಾಡಿದಾಗಲೆಲ್ಲ ಒಂದೊಂದು ಪ್ರತಿ ಎಣಿಸಿ ಬದಿಗಿಟ್ಟಳು.

“ಎಲ್ಲಿ ಸಿಕ್ತು ಇದು?” ಎಂದು ಕೊನೆಗೂ ಕೇಳಿದಳು.

“ಜಲಾಲುದ್ದೀನ ಚಾಚಾನ ರದ್ದಿ ಅಂಗಡ್ಯಾಗ. ಒಂದು, ಎರಡು, ನಾಕು ಸಿಕ್ಕಾವ. ಉಳಿದದ್ದು ಹುಡಕಾಕತ್ತೀನಿ.”

ಉಳಿದದ್ದಲ್ಲ, ಆರಕ್ಕೆ ಆರೂ ಭಾಗ ಪರಿಮಳಾಳ ಮನೆಯ ಟ್ರಂಕಿನಲ್ಲಿ, ಚಳಿಗಾಲದ ಚಾದರದ ಕೆಳಗೆ, ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿಸಿಕೊಂಡು ಮಲಗಿದ್ದವು.

ಅವಳಿಗೆ ಹನ್ನೊಂದು ವರ್ಷವಿದ್ದಾಗ, ಬಸ್ ಕಂಡಕ್ಟರ್ ಆಗಿದ್ದ ಅಪ್ಪ ಮರಿಲಿಂಗ ಯಾರೋ ಸೀಟಿನ ಮೇಲೆ ಬಿಟ್ಟುಹೋಗಿದ್ದ ಮೂರನೆಯ ಭಾಗವನ್ನು ಮನೆಗೆ ತಂದಿದ್ದ. ರಟ್ಟಿಲ್ಲ, ಮೊದಲ ಎಂಟು ಪುಟ ಇಲ್ಲ. ಅಂಥ ಪುಸ್ತಕ ಅವಳನ್ನು ಹಿಡಿದುಕೊಂಡಿತು. ಅದಕ್ಕೂ ಮುಂಚೆ ಅವಳು ಓದಿದ ಕತೆಗಳಲ್ಲಿ ರಾಜಕುಮಾರರು ಹಸಿರು ಕಾಡಿನಲ್ಲಿ ಅಲೆಯುತ್ತಿದ್ದರು, ಮಂಜು ಬೀಳುತ್ತಿತ್ತು, ತೊರೆ ಹರಿಯುತ್ತಿತ್ತು. ಈ ಪುಸ್ತಕದಲ್ಲಿ ಬಿಸಿಲಿತ್ತು. ಬಿಸಿಲರಸನೆಂಬ ದುಷ್ಟ ಕಲ್ಲುನಾಡನ್ನು ಆಳುತ್ತಿದ್ದ. ಪ್ರಜೆಗಳಿಂದ ಅವನು ಕಂದಾಯವಾಗಿ ವಸೂಲು ಮಾಡುತ್ತಿದ್ದದ್ದು ಅವರ ನೆರಳನ್ನು. ಕಂದಾಯ ಕೊಟ್ಟವರು ನೆರಳಿಲ್ಲದೆ ಹೊಲದಲ್ಲಿ ಒಣಗುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ಶಹಾಪುರದಲ್ಲಿ ನಡುಹಗಲು ಒಮ್ಮೆ ನಡೆದವರಿಗೆ ಆ ಅರಸ ಎಂಥವನೆಂದು ಬಿಡಿಸಿ ಹೇಳಬೇಕಿಲ್ಲ. ಊರಿನಾಚೆಯ ಗುಡ್ಡ, ಎಲ್ಲರೂ ಮಲಗಿದ ಬುದ್ಧನೆಂದು ಕೈಮುಗಿಯುವ ಆ ಗುಡ್ಡ, ಪುಸ್ತಕದಲ್ಲಿ ‘ಮಲಗಿದ ಹಿರಿಯ’ ಆಗಿತ್ತು. ಎಲ್ಲ ಯುದ್ಧಗಳನ್ನೂ ಕಣ್ಣು ಮುಚ್ಚಿಕೊಂಡೇ ನೋಡುತ್ತಿತ್ತು.

ಇನ್ನು ಬರಮಿ. ಅವಳಿಗೆ ಕಿರೀಟವಿಲ್ಲ, ಕತ್ತಿಯಿಲ್ಲ. ಒಂದು ಕವಣೆ, ಬೂದಿ ಎಂಬ ಕುದುರೆ, ಬುತ್ತಿಯಲ್ಲಿ ಕಟಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ. ಮಾತಾಡುವುದು ಅಪರೂಪ. ದರಬಾರಿನಲ್ಲಿ ಮಂತ್ರಿ ‘ನಿನಗೆ ನಾಲಿಗೆಯಿಲ್ಲವೆ’ ಎಂದು ಗದರಿದಾಗ ಅವಳು ಸುಮ್ಮನೆ ಒಂದು ಕಲ್ಲು ಬೀಸಿ ಅವನ ಪೇಟದ ತುರಾಯಿ ಹಾರಿಸುತ್ತಾಳೆ. ಆ ಪುಟವನ್ನು ಪರಿಮಳಾ ಎಷ್ಟು ಸಲ ಓದಿದ್ದಳೆಂದರೆ, ಅದರ ಮೂಲೆ ಕರಗಿಹೋಗಿತ್ತು.

ಮುಂದೆ ಆರು ವರ್ಷ ರದ್ದಿ ಅಂಗಡಿ, ಶಾಲೆಯ ಕಪಾಟು, ಸಂತೆಯ ಗಂಟುಗಳನ್ನು ತಡಕಿ ಉಳಿದ ಭಾಗಗಳನ್ನು ಕೂಡಿಸಿದಳು. ಆರನೆಯ ಭಾಗ ಮುಗಿಯುವುದು ಬರಮಿ ಬಿಸಿಲರಸನ ಕೋಟೆಯ ಬಾಗಿಲಿಗೆ ಬಂದು ನಿಂತಲ್ಲಿ. ಹಿಂದಿನ ರಟ್ಟಿನ ಮೇಲೆ ಒಂದೇ ಸಾಲು: ‘ಏಳನೆಯ ಭಾಗ ಅಚ್ಚಿನಲ್ಲಿದೆ.’ ಅದು ಅಚ್ಚಾಗಲೇ ಇಲ್ಲ. ಬರೆದವನು ಕೊಂಕಲ್ ಊರಿನ ದ್ಯಾವಪ್ಪನೆಂಬವನು ಎಂಬುದನ್ನು ಬಿಟ್ಟರೆ ಪುಸ್ತಕದಲ್ಲಿ ಇನ್ನೇನೂ ಇರಲಿಲ್ಲ. ಅಚ್ಚು ಹಾಕಿದ ಪ್ರೆಸ್ಸು ಅವಳು ಹುಟ್ಟುವ ಮೊದಲೇ ಮುಚ್ಚಿತ್ತು. ಕೇಳಿದ ಯಾವ ಮೇಷ್ಟ್ರಿಗೂ ಆ ಹೆಸರು ಗೊತ್ತಿರಲಿಲ್ಲ. ಹಾಗಾಗಿ, ಲೋಕದಲ್ಲಿ ಬರಮಿಗೆ ಉಳಿದಿರುವ ಓದುಗರೆಂದರೆ ತಾನೊಬ್ಬಳೇ ಎಂದು ಅವಳು ನಂಬಿದ್ದಳು. ಆ ನಂಬಿಕೆ ಅವಳಿಗೆ ಮೈಮೇಲಿನ ಒಡವೆಯಿದ್ದಂತೆ ಇತ್ತು. ಬೇರೆ ಒಡವೆ ಅವಳಿಗೆ ಇರಲೂ ಇಲ್ಲ.

ಮರುದಿನ ಅವಳು ರದ್ದಿ ಅಂಗಡಿಗೆ ಹೋಗಿ ನಿಂತಳು.

“ಚಾಚಾ, ಬರಮಿ ಪುಸ್ತಕ ಬಂದ್ರ ನನಗ ತೆಗೆದಿಡ್ತೀನಿ ಅಂದಿದ್ರಿ.”

ಜಲಾಲುದ್ದೀನ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. “ನಿನ್ನ ಹಂತೇಲಿ ಆ ಮೂರೂ ಮೊದಲೇ ಅವಲ್ಲ ಬೇಟಿ. ಒಂದ ಮನ್ಯಾಗ ಎರಡೆರಡು ಇಟ್ಟು ಏನ್ ಮಾಡ್ತಿ, ಉಪ್ಪಿನಕಾಯಿ ಹಾಕ್ತೀ? ಆ ಹುಡುಗಿ ಬಾಯಿ ಬಿಟ್ಟು ಕೇಳಿದಳು, ಕೊಟ್ಟೆ. ನೀನೂ ಜರಾ ಬಾಯಿ ಬಿಡೋದು ಕಲಿ.”

ಭಾನುವಾರ ಪಡಸಾಲೆಯಲ್ಲಿ ಹದಿನೆಂಟು ಜನ. ಮುಂದಿನ ಭಾನುವಾರ ಮೂವತ್ತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಮೆಟ್ಟಿಲ ಮೇಲೂ ಜನ ಕೂಡತೊಡಗಿದರು: ಕಾಲೇಜಿನವರು, ಇಬ್ಬರು ನರ್ಸುಗಳು, ಕಡೇಚೂರಿನ ಕಾರ್ಖಾನೆಯಿಂದ ರಜೆಗೆ ಬಂದ ಹುಡುಗರು, ಮೊಮ್ಮಗಳ ಕೈ ಹಿಡಿದು ಬರುವ ನಿವೃತ್ತ ಗುಮಾಸ್ತರೊಬ್ಬರು. ನಂದಿನಿ ನಿಂತು ಓದುತ್ತಿದ್ದಳು. ಬಿಸಿಲರಸನಿಗೆ ಒಂದು ದನಿ, ಮಂತ್ರಿಗೆ ಒಂದು, ಕುದುರೆಗೂ ಒಂದು. ಆಸೀಫ್ ಎಂಬ ಅವಳ ವಿದ್ಯಾರ್ಥಿ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಹಾಕುತ್ತಿದ್ದ. ‘ನೆರಳ ಕಂದಾಯ’ ಎಂಬ ಮಾತು ಊರಿನ ಬಾಯಿಗೆ ಬಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಇನ್ನೊಬ್ಬನಿಗೆ, “ಸರೀಲೆ ಆಕಡೆ, ನೆರಳಿಗೆ ಕಂದಾಯ ಕಟ್ಟೀ ಏನು?” ಎಂದು ಹೇಳುವುದನ್ನು ಪರಿಮಳಾ ಕಿವಿಯಾರೆ ಕೇಳಿದಳು. ಹದಿಮೂರು ವರ್ಷ ತಾನು ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತು, ಬೀಡಿ ಸೇದುವವನ ಬಾಯಲ್ಲಿ.

ಅವಳು ಪ್ರತಿ ಭಾನುವಾರ ಹೋಗಿ ಹಿಂದಿನ ಕಂಬಕ್ಕೆ ಆತು ಕೂಡುತ್ತಿದ್ದಳು. ಹೋಗದಿರಲು ಆಗುತ್ತಿರಲಿಲ್ಲ, ಹುಣ್ಣಿನ ಹತ್ತಿರ ನಾಲಿಗೆ ಹೋದ ಹಾಗೆ. ನಂದಿನಿ ಚೆನ್ನಾಗಿ ಓದುತ್ತಾಳೆ ಎಂಬುದೇ ದೊಡ್ಡ ಕಷ್ಟ. ಕೆಟ್ಟದಾಗಿ ಓದಿದ್ದರೆ ಮನೆಗೆ ಬಂದು ಡೈರಿಯಲ್ಲಿ ನಕ್ಕು ಸಮಾಧಾನ ಪಡಬಹುದಿತ್ತು.

ಎರಡನೆಯ ಭಾಗ ಮುಗಿದ ದಿನ ನಂದಿನಿ ಒಂದು ಸಾಲಿನ ಮುಂದೆ ನಿಂತಳು. ಬರಮಿ ಊರು ಬಿಟ್ಟು ಹೊರಡುವಾಗ ಅವಳ ಮುದುಕಿ ಅಜ್ಜಿ ಹೇಳುವ ಮಾತು ಅದು: ‘ಹಗೆಯನ್ನು ಬೇಗ ತೆರೆಯಬೇಡ, ಮಗಳೆ. ಬಾಯಿಗೆ ಮಣ್ಣು ಮೆತ್ತಿ ಮುಚ್ಚಿಡು. ಕಾಲ ಬಂದಾಗ ಅದೇ ನಿನ್ನನ್ನು ಕಾಯುತ್ತದೆ.’

“ಎಂಥಾ ಮಾತು ನೋಡ್ರಿ,” ಎಂದಳು ನಂದಿನಿ. “ಹಗೆತನ ಒಳಗ ಇಟ್ಕೊ, ಬಾಯಿ ಮುಚ್ಕೊಂಡಿರು, ಟೈಮ್ ಬಂದಾಗ ಅದೇ ನಿನ್ನ ಶಕ್ತಿ ಆಗ್ತದ. ಬರಮಿಯ ಸಿಟ್ಟೆಲ್ಲ ಇಲ್ಲಿಂದ ಹುಟ್ತದ.”

ಎಲ್ಲರೂ ತಲೆದೂಗಿದರು. ಪರಿಮಳಾ ಮಾತ್ರ ಕಂಬಕ್ಕೆ ಉಗುರು ಒತ್ತಿ ಕೂತಳು. ಅದು ಅವಳ ಸಾಲು. ಪ್ರತಿ ವರ್ಷ ಹೊಸ ಡೈರಿಯ ಮೊದಲ ಪುಟದಲ್ಲಿ ಅವಳು ಬರೆಯುತ್ತಿದ್ದದ್ದು ಅದನ್ನೇ. ಡಿಗ್ರಿಯಲ್ಲಿ ಪ್ರಬಂಧದ ಬಹುಮಾನ ತನಗೆ ತಪ್ಪಿ ನಂದಿನಿಗೆ ಹೋದಾಗ, ಅತಿಥಿ ಉಪನ್ಯಾಸಕಿಯ ಕೆಲಸಕ್ಕೆ ಇಬ್ಬರೂ ಅರ್ಜಿ ಹಾಕಿ ಸಂದರ್ಶನದಲ್ಲಿ ತನ್ನ ಗಂಟಲು ಕಟ್ಟಿ ನಂದಿನಿ ಆಯ್ಕೆಯಾದಾಗ, ಅವಳು ಆ ಸಾಲನ್ನು ಇನ್ನೊಮ್ಮೆ ಬರೆದು ಡೈರಿ ಮುಚ್ಚಿದ್ದಳು. ತನ್ನ ಹೊಟ್ಟೆಕಿಚ್ಚಿಗೆ ಬರಮಿಯ ಅಜ್ಜಿಯ ಅಪ್ಪಣೆಯೇ ಇದೆಯೆಂದು ಅವಳಿಗೆ ಧೈರ್ಯವಿತ್ತು. ಈಗ ಅದೇ ನಂದಿನಿ ಆ ಅಪ್ಪಣೆಯನ್ನೂ ಮೈಕಿಲ್ಲದೆ ಐವತ್ತು ಜನಕ್ಕೆ ಕೇಳಿಸುವಂತೆ ಓದುತ್ತಿದ್ದಳು.

“ಮೂರು, ಐದು, ಆರು ಯಾರ ಹಂತೇಲಿ ಆದ್ರೂ ಇದ್ರ ದಯಮಾಡಿ ಕೈ ಎತ್ತ್ರಿ,” ಎಂದು ನಂದಿನಿ ಪ್ರತಿ ಸಲ ಕೇಳುತ್ತಿದ್ದಳು. ಕೇಳಿ, ಪಡಸಾಲೆಯನ್ನೆಲ್ಲ ಒಮ್ಮೆ ನೋಡಿ, ಕಂಬದ ಹತ್ತಿರ ಅರೆಗಳಿಗೆ ನಿಲ್ಲುತ್ತಿದ್ದಳು. ಪರಿಮಳಾ ಕಾಲಿನ ಹೆಬ್ಬೆರಳು ನೋಡಿಕೊಳ್ಳುತ್ತಿದ್ದಳು.

ಮೂರನೆಯದು ಸಿಗದೆ ನೇರ ನಾಲ್ಕನೆಯ ಭಾಗದ ಓದು ನಡೆದಿದ್ದಾಗ ಸುರಪುರದಿಂದ ಬಂದಿದ್ದ ಹಿರಿಯರೊಬ್ಬರು ಎದ್ದು ನಿಂತು, ಈ ದ್ಯಾವಪ್ಪನನ್ನು ತಾನು ಬಲ್ಲೆನೆಂದರು. ಶಹಾಪುರದ ಅಡತಿ ಅಂಗಡಿಯಲ್ಲಿ ಧಾನ್ಯ ತೂಗುವ ಕೆಲಸದಲ್ಲಿದ್ದನಂತೆ, ತೀರಿಹೋಗಿ ಹತ್ತು ವರ್ಷವಾಯಿತಂತೆ, ಹೆಂಡತಿ ಅಯ್ಯಮ್ಮ ಮಗನೊಂದಿಗೆ ಸುರಪುರದ ರಂಗಂಪೇಟೆಯಲ್ಲಿದ್ದಾಳಂತೆ, ಮಗ ಭಾಗಣ್ಣನದು ಹಿಟ್ಟಿನ ಗಿರಣಿಯಂತೆ. ನಂದಿನಿ ಅಲ್ಲೇ ನಂಬರು ಪಡೆದು ಫೋನು ಮಾಡಿದಳು. ಮಾತಾಡುತ್ತಾಡುತ್ತ ಅವಳ ಮುಖ ಅರಳಿತು.

“ಕೇಳ್ರಿ ಎಲ್ಲಾರೂ,” ಎಂದಳು. “ಏಳನೇ ಭಾಗ ಅದ. ಕೈಬರಹದ ವಹಿ ಮನ್ಯಾಗ ಅವಂತ. ಈ ಶನಿವಾರ ಹೋಗಿ ತರ್ತೀನಿ.”

ಪಡಸಾಲೆ ಚಪ್ಪಾಳೆ ಹೊಡೆಯಿತು. ಪರಿಮಳಾ ಚಪ್ಪಾಳೆ ಹೊಡೆಯಲಿಲ್ಲ, ಅಳಲೂ ಇಲ್ಲ. ಏಳನೆಯ ಭಾಗ ಇದೆ. ಅದನ್ನು ಮೊದಲು ಓದುವವಳು ನಂದಿನಿ. ಈ ಎರಡು ಮಾತನ್ನು ಒಟ್ಟಿಗೆ ತಾಳಿಕೊಳ್ಳುವುದು ಅವಳ ಕೈಲಾಗಲಿಲ್ಲ.

ಗುರುವಾರ ಅವಳು ಮುಷರಫನಿಗೆ ಹಲ್ಲುನೋವೆಂದು ಹೇಳಿ ಸುರಪುರದ ಬಸ್ಸು ಹತ್ತಿದಳು.

ಕಾಲುವೆ ನೀರಿನ ಭತ್ತದ ಗದ್ದೆ ಮುಗಿದು ಕರಿಬಂಡೆಯ ಗುಡ್ಡಗಳು ಶುರುವಾದವು. ಪುಸ್ತಕದಲ್ಲಿ ಬರಮಿ ಇದೇ ದಾರಿಯಲ್ಲಿ ಕುದುರೆ ಓಡಿಸಿದ್ದಳು. ಬೇರೆ ದಿನವಾಗಿದ್ದರೆ ಪರಿಮಳಾ ಒಂದೊಂದು ಬಂಡೆಯನ್ನೂ ಗುರುತಿಸುತ್ತಿದ್ದಳು. ಇಂದು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತ ಕೂತಿದ್ದಳು. ‘ನಾನು ಪರಿಮಳಾ. ಹದಿಮೂರು ವರ್ಷದಿಂದ ಬರಮಿಯನ್ನು ಓದುತ್ತಿದ್ದೇನೆ. ನಿಮ್ಮ ಯಜಮಾನರ ಪುಸ್ತಕ ಯಾರಿಗಾದರೂ ಸಲ್ಲಬೇಕಾದರೆ ನನಗೆ ಸಲ್ಲಬೇಕು.’ ಸುರಪುರದ ಏರು ಹತ್ತುವಾಗಲೂ ಅದನ್ನೇ ಹೇಳಿಕೊಂಡಳು.

ಗಿರಣಿಯ ಬಾಗಿಲಲ್ಲಿ ಹುಬ್ಬಿಗೂ ಮೀಸೆಗೂ ಹಿಟ್ಟು ಮೆತ್ತಿಕೊಂಡು ಭಾಗಣ್ಣ ನಿಂತಿದ್ದ. ಯಂತ್ರದ ಸದ್ದಿನ ಮೇಲೆ ಕೂಗಿ ಕೇಳಿದ: “ಯಾರು ಬೇಕ್ರಿ?”

“ಬರಮಿ... ಪುಸ್ತಕ... ಶಹಾಪುರದಿಂದ...”

ಉರು ಹೊಡೆದದ್ದೆಲ್ಲ ಏರಿನ ಮೇಲೆ ಎಲ್ಲೋ ಉದುರಿಹೋಗಿತ್ತು.

“ಹಾಂ, ಗೊತ್ತಾತು. ಶನಿವಾರ ಬರ್ತೀನಿ ಅಂದಿದ್ರಿ, ಗುರುವಾರನೇ ಬಂದ್ರಿ? ಅವ್ವಾ, ಶಹಾಪುರದ ಮೇಡಂ ಬಂದಾರ ನೋಡು.”

ಗಿರಣಿಯ ಹಿಂದೆಯೇ ಮನೆ. ಜೋಳ ಹಸನು ಮಾಡುತ್ತ ಕೂತಿದ್ದ ಅಯ್ಯಮ್ಮ ಮೊರ ಬದಿಗಿಟ್ಟಳು. “ನಂದಿನಿ ಅಂದ್ರ ನೀನೇ ಏನವ್ವ? ಫೋನಿನ್ಯಾಗ ಅಷ್ಟ್ ದೊಡ್ಡ ದನಿ, ಮೈಯಾಗ ನೋಡಿದ್ರ ಗುಬ್ಬಿ ಇದ್ದಂಗ ಅದಿ.”

ಇಲ್ಲವೆನ್ನಲು ಒಂದು ಮಾತು ಸಾಕಿತ್ತು. ಪರಿಮಳಾ ತಲೆ ಬಗ್ಗಿಸಿದಳು. ಬಗ್ಗಿಸಿದ ತಲೆಯನ್ನು ಮುದುಕಿ ಹೌದೆಂದು ತಿಳಿದುಕೊಂಡಳು. ಪರಿಮಳಾ ಅದನ್ನು ತಿದ್ದಲಿಲ್ಲ. ನಂದಿನಿಗೆ ತೆರೆಯುವ ಬಾಗಿಲು ನಂದಿನಿಯ ಹೆಸರಿಗೇ ತೆರೆಯಲಿ ಎಂದು ಒಳಗೊಂದು ದನಿ ಹೇಳಿತು; ಆ ದನಿಗೆ ನಾಚಿಕೆಯೇ ಇರಲಿಲ್ಲ.

ಅಯ್ಯಮ್ಮ ಬಿಚ್ಚಿದ ಗಂಟಿನೊಳಗೆ ಮೂರು ವಹಿಗಳಿದ್ದವು, ಅಡತಿ ಅಂಗಡಿಯ ಕೆಂಪು ಬಟ್ಟೆಯ ಉದ್ದ ವಹಿಗಳು. ನೀಲಿ ಮಸಿ, ಒತ್ತೊತ್ತು ಅಕ್ಷರ. ಪರಿಮಳಾ ಮೇಲಿನದನ್ನು ಎತ್ತಿಕೊಂಡಳು.

“ಮೊದಲಿನ ಆರೂ ನನಗ ಓದಿ ಕೇಳಿಸೇ ಪ್ರೆಸ್ಸಿಗಿ ಕೊಟ್ಟಿದ್ದ, ಇವರಪ್ಪ,” ಎಂದಳು ಅಯ್ಯಮ್ಮ. “ನನಗ ಅಕ್ಷರ ಬರಾಂಗಿಲ್ಲ. ಇದು ಬರದು ಮುಗಿಸಿದ ವಾರಕ್ಕ ಲಕ್ವಾ ಹೊಡೀತು, ಮಾತು ಹೋತು. ಬರದದ್ದು ಇತ್ತು, ಓದೋ ನಾಲಿಗಿ ಇರಲಿಲ್ಲ. ಬರಮಿ ಆ ಕ್ವಾಟಿ ಬಾಗಲಾಗೇ ನಿಂತಾಳ ನೋಡು, ಇಷ್ಟು ವರ್ಷ.”

“ಮಗನ ಕೈಲೆ ಓದಸ್ಲಿಲ್ಲೇನ್ರಿ ಆಯಿ?”

“ಇವನೇ? ಎರಡು ಹಾಳಿಗಿ ಆಕಳಸ್ತಾನ.”

“ನಾ ಗಿರಣಿ ನೋಡ್ಲೋ, ಕುದುರಿ ಮ್ಯಾಲಿನಾಕಿನ್ನ ನೋಡ್ಲೋ?” ಎಂದ ಭಾಗಣ್ಣ ಬಾಗಿಲಿಂದ. “ಅಪ್ಪನ ಅಕ್ಷರ ನೋಡ್ರಿ, ಇರುವಿ ಸಾಲು ಹೊಂಟಂಗ ಅದ.”

“ನೀ ಓದು, ನಂದಿನಿ,” ಎಂದು ಅಯ್ಯಮ್ಮ ಗೋಡೆಗೆ ಒರಗಿದಳು. “ಒಯ್ಯೋದು ಆಮ್ಯಾಲ. ಮೊದಲು ನನಗ ಕೇಳಸು.”

ಎದ್ದು ನಾಲ್ಕು ಜನರ ಮುಂದೆ ಹೆಸರು ಹೇಳಲೂ ಬಾರದ ಪರಿಮಳಾ ಓದತೊಡಗಿದಳು. ಮೊದಲೆರಡು ಪುಟ ದನಿ ಬಾವಿಯ ತಳದಿಂದ ಬಂದಂತಿತ್ತು. “ಜರಾ ಜೋರು,” ಎಂದಳು ಮುದುಕಿ. ಆಮೇಲೆ ಅವಳಿಗೆ ತನ್ನ ದನಿ ಮರೆತೇಹೋಯಿತು. ಬರಮಿ ಕೋಟೆಯ ಬಾಗಿಲು ದಾಟಿದಳು. ಬಿಸಿಲರಸನ ನೆಲಮಾಳಿಗೆಯಲ್ಲಿ ನೆರಳುಗಳನ್ನು ಕಂಬಳಿಯಂತೆ ಮಡಿಚಿ ಒಟ್ಟಿದ್ದರು. ಬರಮಿ ಅವನ್ನು ಬಿಡಿಸಿದಾಗ, ನೆರಳುಗಳು ತಮ್ಮ ತಮ್ಮ ಮಾಲಕರನ್ನು ಹುಡುಕಿಕೊಂಡು ಊರೂರಿಗೆ ಓಡಿದವು. ಸತ್ತವರ ನೆರಳುಗಳು ಮಾತ್ರ ಹೋಗಲು ಜಾಗವಿಲ್ಲದೆ ಬರಮಿಯ ಕಾಲ ಹತ್ತಿರ ಕೂತವು. ಅಯ್ಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗಿರಣಿಯ ಸದ್ದು ಯಾವಾಗಲೋ ನಿಂತಿತ್ತು. ಭಾಗಣ್ಣ ಹೊಸ್ತಿಲ ಮೇಲೆ ಕೂತಿದ್ದ, ಆಕಳಿಸದೆ.

ಬರಮಿ ಹಸಿದ ತನ್ನೂರಿಗೆ ಮರಳುವ ಅಧ್ಯಾಯ ಬಂತು. ಪರಿಮಳಾ ಓದಿದಳು: ‘ಬರಮಿ ತನ್ನ ಹಗೆಯ ಬಾಯಿ ತೆಗೆದಳು. ಊರವರು ಸಾಲಾಗಿ ನಿಂತರು.’

ಬಂತು, ಅಜ್ಜಿ ಹೇಳಿದ ಕಾಲ. ಮುಚ್ಚಿಟ್ಟ ಹಗೆ ಹೊರಬೀಳುವ ಕಾಲ. ಅವಳು ದನಿಯನ್ನು ಗಡುಸು ಮಾಡಿ, ಹಲ್ಲು ಕಚ್ಚಿ ಮುಂದೆ ಓದಿದಳು: ‘ಮನೆಗೆ ನಾಲ್ಕು ಸೇರಿನಂತೆ ಅಳೆದು ಹಾಕಿದಳು. ಒಯ್ಯಿರಿ, ಬೀಸಿರಿ, ರೊಟ್ಟಿ ಬಡಿಯಿರಿ ಎಂದಳು.’

ಓದಿ ನಿಂತಳು. ಹಗೆಯನ್ನು ಸೇರಿನಲ್ಲಿ ಅಳೆಯುವುದೆಂದರೇನು? ಬೀಸಿ ರೊಟ್ಟಿ ಬಡಿಯುವುದೆಂದರೇನು?

ಅಯ್ಯಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಯಾಕವ್ವ ಹಂಗ ಹಲ್ಲು ಕಡದು ಓದ್ತಿ? ಜ್ವಾಳ ಹಂಚಾಕ ಕುಂತಾಳ, ಯಾರ ಕುತಗಿ ಕೊಯ್ಯಾಕತ್ತಿಲ್ಲ.”

“ಜ್ವಾಳ ಎಲ್ಲದ ಆಯಿ? ಹಗೆ ಅಂತ ಬರದಾರ.”

“ಹಗಿ. ಜ್ವಾಳದ ಹಗಿ. ನೆಲದಾಗ ಬಾವಿ ಹಂಗ ತೋಡಿ, ಜ್ವಾಳ ತುಂಬಿ, ಬಾಯಿಗಿ ಕಲ್ಲು ಇಟ್ಟು ಮಣ್ಣು ಮೆತ್ತತಿದ್ರಲ್ಲ. ನಿಮ್ಮ ಮುತ್ಯಾಗೋಳ ಕಾಲಕ್ಕ ಓಣಿಗೆ ಎರಡು ಇರ್ತಿದ್ದು. ಬರಗಾಲ ಬಂದ್ರ ಅದೇ ಕಾಯೋದು.”

“ಹಗೆ ಅಂದ್ರ... ದ್ವೇಷ ಅಲ್ಲೇನ್ರಿ?”

“ಇವರಪ್ಪಗ ಅದೊಂದು ಹುಚ್ಚಿತ್ತು. ಪುಸ್ತಕ ಅಂದ್ರ ಶುದ್ಧ ಇರಬೇಕಂತ ಮನಿ ಅನ್ನೋದು ಮನೆ ಮಾಡ್ತಿದ್ದ, ತಲಿ ಅನ್ನೋದು ತಲೆ ಮಾಡ್ತಿದ್ದ. ಅದೇ ಭರಾಟ್ಯಾಗ ಹಗೀನೂ ಹಗೆ ಮಾಡಿಟ್ಟಾನ. ನಾ ಅವಾಗೇ ಅಂದಿದ್ದೆ, ಓದೋರು ಜಗಳ ಅಂತ ತಿಳಕೋತಾರಪಾ ಅಂತ. ನಮ್ಮ ಕಡ್ಯೋರಿಗಿ ಗೊತ್ತಾಗ್ತದ ಬಿಡು ಅಂದ.”

ಭಾಗಣ್ಣನೂ ನಗುತ್ತಿದ್ದ. “ಮನಿಗಿ ನಾಕು ಸೇರು ಜಗಳ. ನಮ್ಮ ಓಣ್ಯಾಗ ಅಷ್ಟು ಹಂಚೋದೇ ಬ್ಯಾಡ್ರಿ, ಮೊದಲೇ ಅದ.”

ಪರಿಮಳಾಗೆ ಕಿವಿಯ ತುದಿಯವರೆಗೆ ಬಿಸಿಯೇರಿತು. ಹತ್ತು ಡೈರಿ. ಹತ್ತು ಮೊದಲ ಪುಟ. ತಾನು ಮಂತ್ರವೆಂದು ಜಪಿಸಿದ್ದು ಜೋಳ ಕೆಡದಂತೆ ಇಡುವ ಉಪಾಯ. ನಂದಿನಿಯೂ ಅದೇ ತಪ್ಪು ಮಾಡಿದ್ದಳೆಂಬುದು ಮೊದಲು ಸ್ವಲ್ಪ ಸಮಾಧಾನ ಕೊಟ್ಟಿತು. ಮರುಗಳಿಗೆಯೇ ಆ ಸಮಾಧಾನ ಹುಳಿಯಾಯಿತು: ನಂದಿನಿ ತಪ್ಪಾಗಿ ತಿಳಿದದ್ದನ್ನೇ ಆದರೂ ಐವತ್ತು ಜನಕ್ಕೆ ಹಂಚಿದ್ದಳು, ತಾನು ತಪ್ಪನ್ನೂ ಯಾರಿಗೂ ಕೊಡದೆ ಇಟ್ಟುಕೊಂಡಿದ್ದಳು.

“ನಿನ್ನ ಓದು ಅವನ ಓದಿದ್ದಂಗೇ ಅದ,” ಎಂದಳು ಅಯ್ಯಮ್ಮ. “ಅವನೂ ಹಿಂಗೇ, ಮೊದಲು ಗುಸುಗುಸು, ಆಮ್ಯಾಲ ಖಣಖಣ. ಭಾಗಣ್ಣ, ಪೆನ್ನು ತಗೊ. ಮೊದಲ್ನೇ ಹಾಳಿ ಮ್ಯಾಲ ಬರಿ: ಈ ವಹಿ ನಂದಿನಿಗಿ ಕೊಟ್ಟದ್ದು, ಆಕಿ ಬಿಟ್ಟು ಯಾರೂ ಹಕ್ಕು ಕೇಳಬಾರದು. ನಾಳಿ ಯಾರ್ಯಾರೋ ಬಂದು ನಂದು ನಂದು ಅಂದಾರು.”

ಭಾಗಣ್ಣ ಜೇಬಿನಿಂದ ಪೆನ್ನು ತೆಗೆದು, ಹಿಟ್ಟು ಊದಿ, ವಹಿ ಬಿಡಿಸಿದ. ‘ನಂ’ ಎಂದು ಒಂದಕ್ಷರ ಬರೆದ.

ಆ ಒಂದಕ್ಷರ ಪರಿಮಳಾಳ ಕಣ್ಣಿಗೆ ಸೂಜಿಯಂತೆ ಚುಚ್ಚಿತು. ಬೇರೆ ಏನನ್ನಾದರೂ ಸಹಿಸಿಯಾಳು, ಏಳನೆಯ ಭಾಗದ ನೆತ್ತಿಯ ಮೇಲೆ ಆ ಹೆಸರನ್ನು ಅಲ್ಲ.

“ನಾ ನಂದಿನಿ ಅಲ್ರಿ,” ಎಂದಳು.

ದನಿ ಗಟ್ಟಿಯಾಗಿಯೇ ಬಂತು. ಸತ್ಯದ ಮೇಲಿನ ಪ್ರೀತಿಗಲ್ಲ, ಹೊಟ್ಟೆಕಿಚ್ಚಿಗೇ ಬಂತು. ಅದು ಅವಳಿಗೆ ಗೊತ್ತಿತ್ತು.

“ಮತ್ತ ಯಾರು?” ಭಾಗಣ್ಣನ ಹುಬ್ಬು ಏರಿತು.

“ಪರಿಮಳಾ ಅಂತ್ರಿ. ನಂದಿನಿ ಶನಿವಾರ ಬರ್ತಾಳ್ರಿ. ಆಕಿಗಿಂತ ಮೊದಲು ನಾ ಓದಬೇಕಂತ... ನೀವು ನಂದಿನಿ ಏನು ಅಂದಾಗ ನಾ ಸುಮ್ನಿದ್ದೆ.”

“ಸುಮ್ನಿದ್ದೆ ಅಂತಾಳ ನೋಡವ್ವ. ಸುಮ್ನಿದ್ದೇ ಮನಿ ಹೊಕ್ಕು, ಚಾ ಕುಡದು, ಮುಕ್ಕಾಲು ಪುಸ್ತಕ ಮುಗಿಸ್ಯಾಳ. ಬಾಯಿ ಇದ್ದಿದ್ರ ಏನು ಒಯ್ತಿದ್ದಳೋ.” ಅವನು ಅಲ್ಲೇ ಫೋನು ತೆಗೆದು ನಂದಿನಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ. “ಮೇಡಂ, ಇಲ್ಲಿ ಒಬ್ಬಾಕಿ ನಿಮ್ಮ ಹೆಸರಿಲೆ ಬಂದು ಕುಂತಾಳ್ರಿ. ಪರಿಮಳಾ ಅಂತ. ಗೊತ್ತೇನ್ರಿ?”

ಸ್ಪೀಕರಿನಿಂದ ನಂದಿನಿಯ ನಗುವ ದನಿ ಬಂತು.

“ಗೊತ್ತ್ರಿ ಅಣ್ಣಾರ. ನಾನೇ ಕಳಿಸೀನ್ರಿ. ಆಕಿಗಿ ಮಾತು ಕಡಿಮಿ, ಬರೋಬ್ಬರಿ ಹೇಳಿರಾಕಿಲ್ಲ. ಜರಾ ಫೋನು ಕೊಡ್ರಿ ಆಕಿಗಿ.”

ಭಾಗಣ್ಣ ಅನುಮಾನದಿಂದಲೇ ಸ್ಪೀಕರು ತೆಗೆದು ಫೋನು ಕೊಟ್ಟ. ಪರಿಮಳಾ ಅಂಗಳಕ್ಕೆ ನಡೆದಳು. ನಂದಿನಿ ಬೈದಿದ್ದರೆ ಚೆನ್ನಾಗಿತ್ತು. ಹೀಗೆ ಕ್ಷಣದಲ್ಲಿ ದೊಡ್ಡವಳಾಗಿಬಿಡುವ ಅವಳ ಗುಣ; ಪರಿಮಳಾಗೆ ಅದರ ಮೇಲೂ ಹೊಟ್ಟೆಕಿಚ್ಚಾಯಿತು.

“ಯಾಕ ಹಂಗ ಅಂದಿ?” ಎಂದಳು.

“ಮತ್ತೇನು ಅನ್ಲಿ? ಕಳ್ಳಿ ಬಂದಾಳ, ಹಿಡಕೊಂಡು ಕುಂಡ್ರಿ ಅನ್ಲಿ?” ನಂದಿನಿಯ ದನಿಯಲ್ಲಿ ಸಿಟ್ಟಿತ್ತು, ನಗುವೂ ಇತ್ತು. “ಆರೂ ಭಾಗ ನಿನ್ನ ಹಂತೇಲಿ ಅವ ಅಂತ ಚಾಚಾ ನನಗ ಮೊದಲ್ನೇ ವಾರನೇ ಹೇಳ್ಯಾನ. ನೀನಾಗೇ ಕೈ ಎತ್ತತಿ ಅಂತ ಎರಡು ತಿಂಗಳಿಂದ ಆ ಕಂಬ ನೋಡಾಕತ್ತೀನಿ. ಕುತಗಿ ನೋವು ಬಂತು ನನಗ.”

ಅಂಗಳದಲ್ಲಿ ಒಣಗಲು ಹರವಿದ್ದ ಜೋಳದ ಮೇಲೆ ಗುಬ್ಬಿಗಳು ಕೂತಿದ್ದವು.

“ಓದಿದಿ?” ನಂದಿನಿಯ ದನಿ ಇಳಿಯಿತು. “ಏಳನೇದು?”

“ಮುಕ್ಕಾಲು ಆತು.”

“ಹೆಂಗದ? ಬರಮಿ ಏನು ಮಾಡ್ತಾಳ? ಬ್ಯಾಡ, ಹೇಳಬ್ಯಾಡ. ನೆರಳು ಸಿಗ್ತಾವೇನು? ಬ್ಯಾಡ ಬ್ಯಾಡ.”

ಈ ತವಕ ಪರಿಮಳಾಗೆ ಹೊಸದಲ್ಲ. ಆರನೆಯ ಭಾಗ ಮುಗಿಸಿದ ದಿನದಿಂದ ಅವಳೊಳಗೇ ಇದ್ದದ್ದು. ಇನ್ನೊಬ್ಬರ ಗಂಟಲಿನಲ್ಲಿ ಅದನ್ನು ಕೇಳಿದ್ದು ಮಾತ್ರ ಇದೇ ಮೊದಲು.

“ನಾವಿಬ್ರೂ ಒಂದು ತಪ್ಪು ಓದೀವಿ,” ಎಂದಳು. “ದೊಡ್ಡ ತಪ್ಪು. ಐತಾರ ಹೇಳ್ತೀನಿ. ಮೂರು, ಐದು, ಆರು ತರ್ತೀನಿ, ಅವು ನೀನೇ ಓದು. ಏಳನೇದು ನಾ ಓದ್ತೀನಿ.”

“ನೀ?”

“ಹೂಂ. ನಾ.”

“ಪರಿಮಳಾ, ಐವತ್ತರವತ್ತು ಜನ ಇರ್ತಾರ. ಹಿಂದಿನವ್ರಿಗಿ ನಿನ್ನ ದನಿ ಕೇಳ್ತದೇನು?”

“ಮುಂದ ಬಂದು ಕೂಡ್ಲಿ.”

ನಂದಿನಿ, “ಆತು. ನೀನೇ ಓದು,” ಎಂದಳು. ಮಾತು ಮೆತ್ತಗೇ ಇತ್ತು. ಆದರೆ ಆ ‘ಆತು’ವಿನ ನಡುವೆ ಒಂದು ಕೂದಲೆಳೆಯ ಬಿರುಕಿತ್ತು. ಬೇರೆ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ. ಪರಿಮಳಾಗೆ ಗೊತ್ತಾಯಿತು, ಆ ವಿದ್ಯೆಯಲ್ಲಿ ಅವಳು ಪಳಗಿದವಳು: ನಂದಿನಿಗೆ ಹೊಟ್ಟೆ ಉರಿಯುತ್ತಿತ್ತು.

ಒಳಗೆ ಬಂದಾಗ ಭಾಗಣ್ಣ ಬರೆದ ‘ನಂ’ ಅಕ್ಷರವನ್ನು ಹೊಡೆದುಹಾಕಿದ್ದ. ಅಯ್ಯಮ್ಮ ಮೂರೂ ವಹಿಗಳನ್ನು ಮಡಿಲಿಗೆ ಎಳೆದುಕೊಂಡಿದ್ದಳು.

“ಇವು ಯಾರ ಹೆಸರಿಗೂ ಬ್ಯಾಡ,” ಎಂದಳು. “ಐತಾರ ನಾನೇ ತಗೊಂಡು ಬರ್ತೀನಿ, ಶಹಾಪುರಕ್ಕ. ನಿಮ್ಮಿಬ್ಬರ ಮ್ಯಾಲೂ ನನಗ ನಂಬಿಗಿಲ್ಲ. ಒಬ್ಬಾಕಿ ಬಾಯಿ ಬಿಡದೆ ಕುಂತೇ ಸುಳ್ಳು ಹೇಳ್ತಾಳ, ಇನ್ನೊಬ್ಬಾಕಿ ಫೋನಿನ್ಯಾಗ ನಗನಗತ ಹೇಳ್ತಾಳ.” ಆಮೇಲೆ ಮೇಲಿನ ವಹಿಯನ್ನು ಮುಂದಕ್ಕೆ ಚಾಚಿದಳು. “ಈಗ ಕೂಡು. ಜ್ವಾಳ ಹಂಚಿದ ಮ್ಯಾಲ ಏನಾತು ಓದು.”

ಪರಿಮಳಾ ಕೂತು ಪುಟ ಹುಡುಕಿದಳು.

“ಯಾಕ ನಗಾಕತ್ತಿ?” ಎಂದಳು ಅಯ್ಯಮ್ಮ.

“ಏನಿಲ್ಲರಿ ಆಯಿ,” ಎಂದು ಪರಿಮಳಾ ತುಟಿ ಬಿಗಿಹಿಡಿದಳು. ನಂದಿನಿಯ ಆ ‘ಆತು’ ಇನ್ನೂ ಕಿವಿಯಲ್ಲಿತ್ತು, ನಗು ನಿಲ್ಲಲಿಲ್ಲ. ಗಂಟಲು ಸರಿಮಾಡಿಕೊಂಡು, ಹೊಸ್ತಿಲ ಮೇಲಿನ ಭಾಗಣ್ಣನಿಗೂ ಕೇಳಿಸುವಷ್ಟು ಜೋರಾಗಿ ಓದಲು ಶುರುಮಾಡಿದಳು.